ವಿಳಾಸದ ಪುಸ್ತಕ ನಮ್ಮ ಮನೆಯಲ್ಲೇ ಇರಲಿ

ಮೊನ್ನೆ ವಾಸ್ಕೋದಲ್ಲಿ ನಮ್ಮ ಕನ್ನಡ ಶಾಲೆಯ ಹಳೇ ವಿದ್ಯಾರ್ಥಿಯೊಬ್ಬ ನಿಂಟೆಂಡೊ ಡಿಎಸ್ ಹಿಡಿದುಕೊಂಡು ಬಂದ. ಹಡಗಿನಲ್ಲಿ ಕೆಲಸ ಮಾಡುವ ಅವನ ಮಾವ ಎಂದೋ ತಂದುಕೊಟ್ಟದ್ದು. "ಸರ್, ಮಾರಿಯೋ ಕಾರ್ಟ್ ಒಬ್ಬನೇ ಆಡಬಹುದು, ನೆಟ್‌ನಲ್ಲಿ ಆಗಲ್ಲ. ಗುಜರಿಗೆ ಹಾಕೋದಾ?" ಅಂದ.

ಕೆಟ್ಟಿರುವುದು ಯಂತ್ರ ಅಲ್ಲ. 2014ರ ಮೇ 20ರಂದು ನಿಂಟೆಂಡೊ ಈ ಆಟಗಳ ಸರ್ವರ್ ಮುಚ್ಚಿತು. ಪಾಪದ ಯಂತ್ರ ಇವತ್ತಿಗೂ ಆ ಹಳೇ ಹೆಸರನ್ನೇ ಕೇಳುತ್ತಿದೆ. ಹೆಸರು ಕೇಳಿದರೆ ಸಂಖ್ಯೆ ಹೇಳುವುದು ಡಿಎನ್‌ಎಸ್ ಕೆಲಸ. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ರೂಪಿಸಿದ್ದು. ಊರಿಗೆ ಹೊಸಬರು ಬಂದಾಗ ಮನೆ ತೋರಿಸುವ ಅಂಚೆಯಣ್ಣ ಇದ್ದ ಹಾಗೆ. ಈ ಅಂಚೆಯಣ್ಣ ಯಾರಿರಬೇಕು ಅಂತ ಡಿಎಸ್‌ನ ಸೆಟ್ಟಿಂಗ್‌ನಲ್ಲಿ ನಾವೇ ಬರೆಯಬಹುದು. ಆಟದ ಹುಚ್ಚಿನವರೇ ಸೇರಿ 2014ರಲ್ಲಿ ಕಟ್ಟಿದ ವಿಮ್‌ಫೈ ಎಂಬ ಬದಲಿ ಸರ್ವರ್‌ನತ್ತ ತಿರುಗಿಸಿದರೆ ಆಟ ಮತ್ತೆ ಶುರು!

ನನ್ನ ತಕರಾರು ಇರುವುದು ಇಲ್ಲೇ. ಎಲ್ಲೋ ಸಿಕ್ಕ ಡಿಎನ್‌ಎಸ್ ಸಂಖ್ಯೆಯನ್ನು ಕಣ್ಣು ಮುಚ್ಚಿ ಹಾಕಬೇಡಿ. ಅದನ್ನು ನಡೆಸುವವನಿಗೆ ನೀವು ಕೇಳುವ ಹೆಸರೆಲ್ಲ ಗೊತ್ತಾಗುತ್ತದೆ, ಬೇಕಾದ ಕಡೆ ಕಳಿಸಲೂ ಬಲ್ಲ. ರೂಟರ್‌ಗೇ ಹಾಕಿದರಂತೂ ಮನೆಯವರ ಫೋನೂ ಅವನ ಕೈಯಲ್ಲಿ.

ಬದಲಿಗೆ ಮೂಲೆಯಲ್ಲಿ ಬಿದ್ದ ಹಳೇ ಕಂಪ್ಯೂಟರ್‌ನಲ್ಲಿ ಲಿನಕ್ಸ್ ಹಾಕಿ, ಡಿಎನ್‌ಎಸ್‌ಮಾಸ್ಕ್ ಎಂಬ ಉಚಿತ ತಂತ್ರಾಂಶ ಓಡಿಸಿ. 'ನಿಂಟೆಂಡೊವೈಫೈ ಡಾಟ್ ನೆಟ್' ಅಂತ ಮುಗಿಯುವ ಹೆಸರುಗಳನ್ನಷ್ಟೇ ಬದಲಿ ಸರ್ವರ್‌ಗೆ ಕಳಿಸು, ಉಳಿದದ್ದು ಎಂದಿನ ದಾರಿಯಲ್ಲಿ ಹೋಗಲಿ ಅಂತ ಹೇಳಲು ಒಂದೆರಡು ಸಾಲು ಸಾಕು. ಡಿಎಸ್‌ಗೆ ಆ ಕಂಪ್ಯೂಟರಿನ ಸಂಖ್ಯೆ ಕೊಡಿ. ನಾಳೆ ಬದಲಿ ಸರ್ವರ್ ಜಾಗ ಬದಲಿಸಿದರೆ ಒಂದು ಸಾಲು ತಿದ್ದಿದರಾಯಿತು. ಒಂದು ಎಚ್ಚರಿಕೆ: ಹಳೇ ಡಿಎಸ್‌ಗೆ ಗೊತ್ತಿರುವುದು ಡಬ್ಲ್ಯುಇಪಿ ಬೀಗ ಮಾತ್ರ, ಅದನ್ನು ಒಡೆಯಲು ನಿಮಿಷಗಳು ಸಾಕು. ಅದಕ್ಕಾಗಿ ಬೇರೆ ಹಳೇ ರೂಟರ್ ಇಟ್ಟು, ಆಡುವಾಗ ಮಾತ್ರ ಹಚ್ಚಿ.

ದುಡ್ಡು ಕೊಟ್ಟು ಕೊಂಡ ವಸ್ತುವನ್ನು ಕಂಪನಿ ದೂರದಿಂದಲೇ ಅರ್ಧ ಸಾಯಿಸುವುದು ನ್ಯಾಯವೇ? 2024ರ ಏಪ್ರಿಲ್‌ನಲ್ಲಿ 3ಡಿಎಸ್, ವೀ ಯು ಸರದಿಯೂ ಮುಗಿಯಿತು. ಯುರೋಪಿನಲ್ಲಿ ಇದರ ವಿರುದ್ಧದ ಮನವಿಗೆ 2025ರ ಜುಲೈ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಸರ್ವರ್ ನಡೆಸಲಾಗದಿದ್ದರೆ ಬೇಡ, ಬೇರೆಯವರು ನಡೆಸಲು ದಾರಿಯಾದರೂ ಬಿಡಿ ಅಂತ ನಾವೂ ಕೇಳಬೇಕು.

ಹುಡುಗ ಆ ರಾತ್ರಿ ಯಾವುದೋ ದೇಶದವರ ಜೊತೆ ಆಡಿ ಕೊನೆಯವನಾಗಿ ಬಂದನಂತೆ. ಖುಷಿಯಿಂದ ಫೋನ್ ಮಾಡಿದ್ದ!