ಎರಡನೇ ಫೋನ್ ಬಂದಾಗ

ಮೈಸೂರಿನ ಜನ ಮಿಷನ್ ಆಸ್ಪತ್ರೆ ಎಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಒಂದು ರೂಢಿ ನಡೆದುಬಂತು. ಮಗು ಹುಟ್ಟಿದಾಗ ತೂಕ, ಉದ್ದ, ತಲೆಯ ಸುತ್ತಳತೆ ನೋಡಿ ಬರೆದಿಡುವುದು. ಸುಮಾರು 60 ವರ್ಷದ ಮೇಲೆ ಸಂಶೋಧಕರು ಆ ಹಳೇ ದಾಖಲೆ ಹಿಡಿದು ಆಸುಪಾಸಿನ ಮನೆಮನೆ ತಿರುಗಿದರು. ಅಲ್ಲಿ ಹುಟ್ಟಿದ 517 ಮಂದಿಯನ್ನು ಪತ್ತೆಹಚ್ಚಿ ಪರೀಕ್ಷಿಸಿದರು. ಫಲಿತಾಂಶ 1996ರಲ್ಲಿ ವೈದ್ಯಕೀಯ ಪತ್ರಿಕೆ ‘ಲ್ಯಾನ್ಸೆಟ್’ನಲ್ಲಿ ಬಂತು: ನಡುವಯಸ್ಸು ತಲುಪಿದ್ದವರ ಪೈಕಿ, ಹುಟ್ಟುವಾಗ ಎರಡೂವರೆ ಕೆ.ಜಿ.ಗಿಂತ ಹೆಚ್ಚಿಲ್ಲದವರಲ್ಲಿ ಶೇ 11ರಷ್ಟು ಜನರಿಗೆ ಹೃದ್ರೋಗ, 3.1 ಕೆ.ಜಿ. ಮತ್ತು ಅದಕ್ಕೂ ಹೆಚ್ಚು ತೂಗಿದ್ದವರಲ್ಲಿ ಶೇ 3. ತಕ್ಕಡಿ, ಟೇಪು, ಜೊತೆಗೆ ಬಾಗಿಲು ತೆಗೆದು ‘ಬನ್ನಿ’ ಎಂದ ಜನ. ಮುಖ್ಯವಾಗಿ ಬೇಕಾದದ್ದು ಇಷ್ಟೇ.

ನಾನು ಹಾಗೆ ಬಾಗಿಲು ತೆಗೆದವನಲ್ಲ. ‘ಶುಗರ್ ಬಾರ್ಡರ್‌ನಲ್ಲಿದೆ’ ಎಂದು ಡಾಕ್ಟರು ಹೇಳಿದ ವರ್ಷ ಒಂದು ಅಧ್ಯಯನಕ್ಕೆ ಸಹಿ ಹಾಕಿದ್ದೆ. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟು, 75 ಗ್ರಾಂ ಗ್ಲೂಕೋಸ್ ಕದಡಿದ ನೀರು ಕುಡಿದು, ಬಾಯೆಲ್ಲ ಅಂಟಂಟು ಮಾಡಿಕೊಂಡು ಎರಡು ಗಂಟೆ ಬೆಂಚಿನ ಮೇಲೆ ಕೂತೆ. ವರ್ಷವಾದ ಮೇಲೆ ಫೋನ್ ಬಂತು. ಚೆನ್ನಾಗೇ ಇದ್ದೀನಲ್ಲ ಎಂದು ಎತ್ತಲಿಲ್ಲ. ಎರಡನೇ ಸಲವೂ ಎತ್ತಲಿಲ್ಲ. ಆಮೇಲೆ ಅವರು ಮಾಡಲಿಲ್ಲ.

ಅಂಥ ಪ್ರಮಾದವೇನು ಅನ್ನಬಹುದು. ಆದರೆ ನನ್ನಂಥವನು ಉದಾಸೀನದಿಂದ ಬಿಡುತ್ತಾನೆ, ಔಷಧದ ಟ್ರಯಲ್‌ನಲ್ಲಿ ಮಾತ್ರೆ ಒಗ್ಗದವನು ಸಿಟ್ಟಿನಿಂದ ಬಿಡುತ್ತಾನೆ. ಉಳಿದವರನ್ನಷ್ಟೇ ಎಣಿಸಿದರೆ ಔಷಧದ ಗುಣವೂ ದೋಷವೂ ಸರಿಯಾಗಿ ಸಿಗುವುದಿಲ್ಲ. ಕೆಲವು ಕಾಯಿಲೆ ಬೇಗ ಕಾಣುವುದೂ ಇಲ್ಲ, ಕಿಡ್ನಿಯದಂತೂ ಇನ್ನೂ ಮೌನ. ಅರ್ಧ ಕಸುವು ಹೋಗಿದ್ದರೂ ರಕ್ತಪರೀಕ್ಷೆಯಲ್ಲಿ ಅದರ ಸುಳಿವು ಕೊಡುವ ಕ್ರಿಯಾಟಿನಿನ್ ಅಷ್ಟಾಗಿ ಏರದೆ, ಮನುಷ್ಯ ಆರಾಮಾಗಿ ಓಡಾಡಿಕೊಂಡಿರಬಹುದು. ಅದಕ್ಕೇ ಅದೇ ಜನರನ್ನು ವರ್ಷಗಟ್ಟಲೆ ನೋಡಬೇಕು. ಸಕ್ಕರೆ ಇಳಿಸಲೆಂದು ಬಂದ ಎಂಪಾಗ್ಲಿಫ್ಲೋಜಿನ್ ಹೃದ್ರೋಗದ ಸಾವನ್ನೂ ತಗ್ಗಿಸುತ್ತದೆ ಎಂದು 2015ರಲ್ಲಿ ತಿಳಿದದ್ದು, ಹಲವು ದೇಶಗಳ 7,020 ಮಂದಿ ಸಕ್ಕರೆ ಕಾಯಿಲೆಯವರನ್ನು ಹಾಗೆ ಹಿಂಬಾಲಿಸಿ ನೋಡಿದ್ದರಿಂದ.

‘ನಾವೇನು ಪ್ರಯೋಗದ ಇಲಿಗಳಾ?’ ಎಂದು ಕೇಳುವವರನ್ನು ನಾನು ತಳ್ಳಿಹಾಕುವುದಿಲ್ಲ. ಬಡವರನ್ನು ಹೇಳದೆ ಕೇಳದೆ ಟ್ರಯಲ್‌ಗೆ ಬಳಸಿದ ದೂರುಗಳು ಈ ದೇಶದ ಸುಪ್ರೀಂ ಕೋರ್ಟ್‌ವರೆಗೂ ಹೋಗಿವೆ. ಆ ಅನುಮಾನವನ್ನು ಮನೆಯಲ್ಲಿಟ್ಟುಕೊಳ್ಳದೆ ಅಧ್ಯಯನ ನಡೆಸುವವರ ಮುಂದೆಯೇ ಇಡಿ. ಎಥಿಕ್ಸ್ ಕಮಿಟಿ ಒಪ್ಪಿದೆಯಾ, ಸಿಟಿಆರ್‌ಐ (ದೇಶದ ಟ್ರಯಲ್‌ಗಳ ನೋಂದಣಿ ಪಟ್ಟಿ) ಸಂಖ್ಯೆ ಯಾವುದು ಎಂದು ಕೇಳಿ. ಒಪ್ಪಿಗೆ ಪತ್ರ ಕನ್ನಡದಲ್ಲಿ ಕೊಡಿ ಎನ್ನಿ. ಅರ್ಥವಾಗದ ಕಾಗದಕ್ಕೆ ಸಹಿ ಬೇಡವೇ ಬೇಡ. ಟ್ರಯಲ್‌ನಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡಕ್ಕೂ ಕೇಂದ್ರ ಸರ್ಕಾರದ 2019ರ ನಿಯಮಗಳಲ್ಲಿ ದಾರಿಯಿದೆ. ಬೇಡವೆನಿಸಿದರೆ ಯಾವಾಗ ಬೇಕಾದರೂ ಹೊರಬರಬಹುದು, ಕಾರಣ ಹೇಳಬೇಕಿಲ್ಲ.

ನಾನು ಬೇಡಿಕೊಳ್ಳುವುದು ಇಷ್ಟೆ: ಬಿಡುವುದಾದರೂ ತಿಳಿಸಿ ಬಿಡಿ. ‘ಮಾತ್ರೆ ತಗೊಳ್ಳಲ್ಲ, ಬೇಕಾದ್ರೆ ಬಿಪಿ ನೋಡ್ಕೊಳ್ಳಿ’ ಎಂದರೂ ಅಧ್ಯಯನದ ಲೆಕ್ಕಕ್ಕೆ ಉಪಕಾರವೇ. ಇರುವುದಾದರೆ, ಸಹಿ ಹಾಕಿದ ದಿನವೇ ಅಧ್ಯಯನದವರ ನಂಬರನ್ನು ಹೆಸರು ಹಾಕಿ ಸೇವ್ ಮಾಡಿಕೊಳ್ಳಿ. ಇಲ್ಲದಿದ್ದರೆ ಸಾಲ ಕೊಡುವವರ ಫೋನ್ ಎಂದುಕೊಂಡು ಕಟ್ ಮಾಡುತ್ತೀರಿ. ಮನೆ ಬದಲಾಯಿಸಿದರೆ ಹೊಸ ವಿಳಾಸ ಕೊಡಿ. ನಿಮ್ಮ ಫೋನ್ ಕೆಟ್ಟರೆ ಇರಲಿ ಎಂದು ಮಗಳ ನಂಬರನ್ನೂ, ಅವಳನ್ನು ಕೇಳಿಕೊಂಡು, ಬರೆಸಿಬಿಡಿ.