ದಂಡ ಸರ್ಕಾರಕ್ಕೆ, ನಷ್ಟ ಬಳಕೆದಾರನಿಗೆ

ಮೊಹರು ಮಾಡಿದ ಲಕೋಟೆಯಲ್ಲಿ ದರ ನಮೂದಿಸಿ ಟೆಂಡರ್ ಸಲ್ಲಿಸುವ ಪದ್ಧತಿಯ ಹಿಂದೆ ಒಂದು ಸರಳ ನಂಬಿಕೆಯಿದೆ. ಒಬ್ಬ ಮಾರಾಟಗಾರ ಎಷ್ಟು ಬರೆದಿದ್ದಾನೆಂಬುದು ಮತ್ತೊಬ್ಬನಿಗೆ ತಿಳಿಯದು. ಆದ್ದರಿಂದ ಪ್ರತಿಯೊಬ್ಬನೂ ತನಗೆ ಸಾಧ್ಯವಾದ ಕನಿಷ್ಠ ದರವನ್ನೇ ಬರೆಯುತ್ತಾನೆ ಎಂಬುದೇ ಆ ನಂಬಿಕೆ. 1950ರ ದಶಕದಲ್ಲಿ ಅಮೆರಿಕದ ಟೆನೆಸಿ ಕಣಿವೆ ಪ್ರಾಧಿಕಾರ ಇಂಥ ಲಕೋಟೆಗಳನ್ನು ಒಡೆದು ನೋಡಿದಾಗ, ವಿದ್ಯುತ್ ತಂತಿ ಪೂರೈಕೆಯ ಒಂದು ಗುತ್ತಿಗೆಗೆ ಹಲವು ಕಂಪನಿಗಳು ನಮೂದಿಸಿದ್ದ ಮೊತ್ತ 1,98,438 ಡಾಲರ್ 24 ಸೆಂಟ್. ಡಾಲರುಗಳಷ್ಟೇ ಅಲ್ಲ, ಸೆಂಟುಗಳೂ ಹೊಂದಿಕೊಂಡಿದ್ದವು.

ಪ್ರಾಧಿಕಾರವು 1933ರಲ್ಲಿ ಸ್ಥಾಪನೆಯಾದ ಫೆಡರಲ್ ಸರ್ಕಾರದ ಸಂಸ್ಥೆ. ವಿದ್ಯುತ್ ಉಪಕರಣಗಳ ಅತಿದೊಡ್ಡ ಖರೀದಿದಾರರಲ್ಲಿ ಒಂದು. ದರಗಳು ವರ್ಷದಿಂದ ವರ್ಷಕ್ಕೆ ಏರುತ್ತಿದ್ದುದನ್ನು ಕಂಡು ಬೇಸತ್ತ ಅದು 1959ರ ಆರಂಭದಲ್ಲಿ ದೊಡ್ಡ ಟರ್ಬೈನ್ ಜನರೇಟರ್ ಒಂದರ ಗುತ್ತಿಗೆಯನ್ನು ಬ್ರಿಟನ್ನಿನ ಪಾರ್ಸನ್ಸ್ ಕಂಪನಿಗೆ ನೀಡಿತು. ಆ ಕಂಪನಿಯ ದರ ಅಮೆರಿಕದ ತಯಾರಕರ ದರಕ್ಕಿಂತ ಹಲವು ದಶಲಕ್ಷ ಡಾಲರುಗಳಷ್ಟು ಕಡಿಮೆಯಿತ್ತು. ಜನರಲ್ ಎಲೆಕ್ಟ್ರಿಕ್ ಮತ್ತು ವೆಸ್ಟಿಂಗ್‌ಹೌಸ್ ಕಂಪನಿಗಳು ರಾಷ್ಟ್ರೀಯ ಭದ್ರತೆಯ ಮಾತೆತ್ತಿ ಪ್ರತಿಭಟಿಸಿದವು. ವಿದೇಶಿ ಯಂತ್ರ ಕೆಟ್ಟರೆ ಯುದ್ಧಕಾಲದಲ್ಲಿ ದುರಸ್ತಿ ಮಾಡುವವರು ಯಾರು ಎಂಬುದು ಅವುಗಳ ಪ್ರಶ್ನೆ. ಆದರೆ ಪ್ರಾಧಿಕಾರದ ಕಡತಗಳಲ್ಲಿ ಅದಕ್ಕಿಂತ ತೀಕ್ಷ್ಣವಾದ ಪ್ರಶ್ನೆಯೊಂದು ಕಾದಿತ್ತು. ಏಕರೂಪದ ಟೆಂಡರುಗಳ ವಿವರ ಅದೇ ವರ್ಷ ನಾಕ್ಸ್‌ವಿಲ್ ನಗರದ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಸೆನೆಟರ್ ಕೆಫಾವರ್ ಅದರ ಮೇಲೆ ಕಣ್ಣಿಟ್ಟರು. ನ್ಯಾಯ ಇಲಾಖೆ ಫಿಲಡೆಲ್ಫಿಯಾದ ಗ್ರ್ಯಾಂಡ್ ಜ್ಯೂರಿಯ ಮುಂದೆ ಸಾಕ್ಷ್ಯ ಸಂಗ್ರಹಿಸತೊಡಗಿತು.

ಹೊರಬಿದ್ದ ಸಂಗತಿಗಳು ಪತ್ತೇದಾರಿ ಕಾದಂಬರಿಯನ್ನು ಮೀರಿಸುವಂತಿದ್ದವು. ಪ್ರತಿಸ್ಪರ್ಧಿ ಕಂಪನಿಗಳ ಹಿರಿಯ ಅಧಿಕಾರಿಗಳು ಹೋಟೆಲ್ಲುಗಳಲ್ಲಿ ಗುಟ್ಟಾಗಿ ಸೇರಿ, ಯಾವ ಗುತ್ತಿಗೆ ಯಾರಿಗೆ, ಯಾವ ದರಕ್ಕೆ ಎಂಬುದನ್ನು ಮೊದಲೇ ನಿಶ್ಚಯಿಸುತ್ತಿದ್ದರು. ಸಭೆಗೆ 'ಭಜನೆಯ ತಾಲೀಮು' ಎಂಬಂಥ ಗುಪ್ತನಾಮ, ಹಾಜರಾಗುವವರ ಪಟ್ಟಿಗೆ 'ಕ್ರಿಸ್‌ಮಸ್ ಕಾರ್ಡ್ ಪಟ್ಟಿ' ಎಂಬ ಹೆಸರು. ಕಂಪನಿಗಳಿಗೆ ಹೆಸರಿನ ಬದಲು ಅಂಕೆಗಳಿದ್ದವು. ಸ್ವಿಚ್‌ಗೇರ್ ವ್ಯವಹಾರದಲ್ಲಂತೂ ಎರಡು ವಾರಕ್ಕೊಮ್ಮೆ ಸರದಿ ಬದಲಾಗುವ ಕೋಷ್ಟಕವೊಂದನ್ನು ತಯಾರಿಸಿ, ಅದಕ್ಕೆ ಚಂದ್ರನ ಕಲೆಗಳ ಹೆಸರಿಟ್ಟಿದ್ದರು. ಆಯಾ ಪಕ್ಷದಲ್ಲಿ ಕನಿಷ್ಠ ದರ ಬರೆಯಬೇಕಾದವರು ಯಾರು, ಉಳಿದವರು ಎಷ್ಟು ಹೆಚ್ಚಿಸಿ ಬರೆಯಬೇಕು ಎಂಬುದೆಲ್ಲ ಅದರಲ್ಲಿತ್ತು. ತಿಥಿ ನೋಡಿ ಟೆಂಡರ್ ಬರೆಯುವ ಈ ವಿದ್ಯೆ ನಮ್ಮ ಪಂಚಾಂಗಕರ್ತರಿಗೂ ಹೊಳೆದಿರಲಾರದು.

1961ರ ಫೆಬ್ರುವರಿಯಲ್ಲಿ ಫಿಲಡೆಲ್ಫಿಯಾದ ನ್ಯಾಯಾಧೀಶ ಕಲನ್ ಗೇನಿ ಶಿಕ್ಷೆ ವಿಧಿಸಿದರು. 29 ಕಂಪನಿಗಳು ಮತ್ತು ನಲವತ್ತಕ್ಕೂ ಹೆಚ್ಚು ಅಧಿಕಾರಿಗಳು ಆರೋಪಿಗಳಾಗಿದ್ದರು. ಏಳು ಮಂದಿಗೆ 30 ದಿನಗಳ ಸೆರೆವಾಸ. ಇನ್ನು ಕೆಲವರಿಗೆ ಅಮಾನತಿನಲ್ಲಿಟ್ಟ ಶಿಕ್ಷೆ. ಎಲ್ಲರ ಮೇಲೂ ಸೇರಿ ವಿಧಿಸಿದ ದಂಡ ಸುಮಾರು 19 ಲಕ್ಷ 25 ಸಾವಿರ ಡಾಲರ್. ಜನರಲ್ ಎಲೆಕ್ಟ್ರಿಕ್‌ನ ಪಾಲು 4,37,500 ಡಾಲರ್, ವೆಸ್ಟಿಂಗ್‌ಹೌಸ್‌ನದು 3,72,500 ಡಾಲರ್. ನೀತಿಯನ್ನು ರೂಪಿಸುವ ಮೇಲಿನವರೇ ನಿಜವಾದ ಹೊಣೆಗಾರರೆಂದು ನ್ಯಾಯಾಧೀಶರು ಹೇಳಿದರಾದರೂ, ಅವರನ್ನು ಶಿಕ್ಷಿಸಲು ಬೇಕಾದ ಪುರಾವೆ ಸರ್ಕಾರದ ಬಳಿ ಇರಲಿಲ್ಲ.

ಈ ಪ್ರಕರಣವನ್ನು ಇಂದಿಗೂ ಜನ ನೆನೆಯುವುದು ಆ ಏಳು ಮಂದಿಯ ಸೆರೆವಾಸಕ್ಕಾಗಿ. ಸೂಟುಬೂಟಿನ ಗಣ್ಯರು ಕೈಕೋಳ ತೊಟ್ಟ ದೃಶ್ಯ ಆ ಕಾಲಕ್ಕೆ ಆಘಾತಕಾರಿಯಾಗಿದ್ದುದು ಸಹಜ. ಆದರೆ ಕಂಪನಿಗಳ ಲೆಕ್ಕಪುಸ್ತಕವನ್ನು ನಡುಗಿಸಿದ್ದು ಸೆರೆವಾಸವೂ ಅಲ್ಲ, ದಂಡವೂ ಅಲ್ಲ. ಕೋಟ್ಯಂತರ ಡಾಲರ್ ವಹಿವಾಟಿನ ಸಂಸ್ಥೆಗಳಿಗೆ ನಾಲ್ಕು ಲಕ್ಷ ಡಾಲರ್ ಒಂದು ಲೆಕ್ಕವೇ? ಅವುಗಳನ್ನು ನಡುಗಿಸಿದ್ದು ಅವುಗಳ ಗ್ರಾಹಕರೇ. ಖಾಸಗಿ ವಿದ್ಯುತ್ ಕಂಪನಿಗಳು, ಊರಿಗೆ ಬೆಳಕು ಕೊಡುತ್ತಿದ್ದ ಪುರಸಭೆಗಳು, ನಗರಾಡಳಿತಗಳು, ಸಹಕಾರ ಸಂಘಗಳು ಮೂವತ್ತಕ್ಕೂ ಹೆಚ್ಚು ಫೆಡರಲ್ ಜಿಲ್ಲಾ ನ್ಯಾಯಾಲಯಗಳಲ್ಲಿ 1,800ಕ್ಕೂ ಹೆಚ್ಚು ದಾವೆಗಳನ್ನು ಹೂಡಿದವು. ಅವುಗಳಲ್ಲಿದ್ದ ಪ್ರತ್ಯೇಕ ಬೇಡಿಕೆಗಳ ಸಂಖ್ಯೆ 25 ಸಾವಿರವನ್ನು ದಾಟಿತ್ತು. ಅಂತಿಮವಾಗಿ ತಯಾರಕರು ತೆತ್ತ ಪರಿಹಾರ ನ್ಯಾಯಾಲಯ ವಿಧಿಸಿದ ದಂಡದ ನೂರು ಪಟ್ಟಿಗೂ ಹೆಚ್ಚು.

ಇದು ಸಾಧ್ಯವಾದದ್ದು ಕಾನೂನಿನ ಒಂದು ವಿಶೇಷ ಗುಣದಿಂದ. ಅಮೆರಿಕದ ಕ್ಲೇಟನ್ ಕಾಯ್ದೆಯ ಪ್ರಕಾರ ಏಕಸ್ವಾಮ್ಯದ ಸಂಚಿನಿಂದ ನಷ್ಟಕ್ಕೊಳಗಾದವನಿಗೆ ನಷ್ಟದ ಮೂರು ಪಟ್ಟು ಪರಿಹಾರ ಸಿಗುತ್ತದೆ; ವಕೀಲರ ಶುಲ್ಕವೂ ಸಿಗುತ್ತದೆ. (ವಿಚಿತ್ರವೆಂದರೆ, ಸ್ವತಃ ಫೆಡರಲ್ ಸರ್ಕಾರ ವಾದಿಯಾದಾಗ ಆಗ ಸಿಗುತ್ತಿದ್ದುದು ಒಂದು ಪಟ್ಟು ಮಾತ್ರ, ಅದಕ್ಕೂ ಮೂರು ಪಟ್ಟು ದೊರೆತದ್ದು 1990ರ ತಿದ್ದುಪಡಿಯ ನಂತರ.) ಕ್ರಿಮಿನಲ್ ಮೊಕದ್ದಮೆಯಲ್ಲಿ ತಪ್ಪೊಪ್ಪಿಕೊಂಡರೆ ಅದನ್ನು ಸಿವಿಲ್ ದಾವೆಯಲ್ಲಿ ಮೇಲ್ನೋಟದ ಪುರಾವೆಯಾಗಿ ಬಳಸಬಹುದು. ಆರೋಪವನ್ನು ಒಪ್ಪಿಕೊಳ್ಳದೆಯೂ ಎದುರಿಸದೆಯೂ ಶಿಕ್ಷೆಗೆ ತಲೆಬಾಗುವ ಮಧ್ಯಮಾರ್ಗ ತಮಗೆ ಬೇಕೆಂದು ಕಂಪನಿಗಳು ಹೆಣಗಿದ್ದು ಇದೇ ಕಾರಣಕ್ಕೆ. ಮುಖ್ಯ ಆರೋಪಗಳ ಮಟ್ಟಿಗೆ ನ್ಯಾಯ ಇಲಾಖೆ ಅದನ್ನು ವಿರೋಧಿಸಿತು, ನ್ಯಾಯಾಧೀಶರೂ ನಿರಾಕರಿಸಿದರು. ಒಂದು ಮೊಕದ್ದಮೆಯ ತಪ್ಪೊಪ್ಪಿಗೆ ಸಾವಿರಾರು ದಾವೆಗಳಿಗೆ ಬಾಗಿಲು ತೆರೆಯಿತು.

ತಯಾರಕರು ಸುಲಭವಾಗಿ ಸೋಲೊಪ್ಪಲಿಲ್ಲ. ದಾವೆ ಹೂಡಲು ನಾಲ್ಕು ವರ್ಷಗಳ ಕಾಲಮಿತಿಯಿದೆ, ಹಳೆಯ ಖರೀದಿಗಳ ಮಾತೇ ಇಲ್ಲ ಎಂದರು. ಸಂಚನ್ನು ಗುಟ್ಟಾಗಿಟ್ಟವರೇ ಕಾಲ ಮೀರಿತೆಂದು ವಾದಿಸುವಂತಿಲ್ಲವೆಂದು ಮೇಲ್ಮನವಿ ನ್ಯಾಯಾಲಯಗಳು 1962 ಮತ್ತು 63ರಲ್ಲಿ ಹೇಳಿದವು. ಸಭೆ ಸೇರಿದ್ದು ನಿಜ, ಆದರೆ ಒಪ್ಪಂದ ಯಾರೂ ಪಾಲಿಸಲಿಲ್ಲ, ದರ ಏರಲೇ ಇಲ್ಲ ಎಂಬುದು ಇನ್ನೊಂದು ವಾದ. ಇದಕ್ಕೆ ಮಾರುಕಟ್ಟೆಯೇ ಉತ್ತರ ಹೇಳಿತ್ತು: 1950ರ ದಶಕದ ನಡುವೆ ಒಮ್ಮೆ ಕಂಪನಿಗಳ ಒಗ್ಗಟ್ಟು ಮುರಿದಾಗ ಉಪಕರಣಗಳ ಬೆಲೆ ಹೆಚ್ಚುಕಡಿಮೆ ಅರ್ಧಕ್ಕೆ ಕುಸಿದಿತ್ತು. 1964ರಲ್ಲಿ ಫಿಲಡೆಲ್ಫಿಯಾ ಎಲೆಕ್ಟ್ರಿಕ್ ಕಂಪನಿಯ ದಾವೆಯಲ್ಲಿ ಜ್ಯೂರಿ ವಾದಿಯ ಪರ ನಿಂತಿತು. ಮೂರು ಪಟ್ಟಾದಾಗ ಆ ಪರಿಹಾರ 2 ಕೋಟಿ 80 ಲಕ್ಷ ಡಾಲರನ್ನು ಮೀರಿತು. ಅಲ್ಲಿಂದ ಮುಂದೆ ರಾಜಿಯ ಮಾತುಕತೆಗೆ ತಯಾರಕರೇ ಆತುರಪಟ್ಟರು.

ನ್ಯಾಯಾಂಗ ತೋರಿದ ಜಾಣ್ಮೆ ಪ್ರತ್ಯೇಕವಾಗಿ ಹೇಳಬೇಕಾದದ್ದು. ಇಷ್ಟು ದಾವೆಗಳು ಒಂದೊಂದಾಗಿ ನಡೆದಿದ್ದರೆ ಅದೇ ಸಾಕ್ಷಿಯನ್ನು ಮೂವತ್ತು ಊರುಗಳಲ್ಲಿ ಮೂವತ್ತು ಬಾರಿ ಪ್ರಶ್ನಿಸಬೇಕಾಗುತ್ತಿತ್ತು. ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ 1962ರಲ್ಲಿ ನ್ಯಾಯಾಧೀಶರ ಸಮನ್ವಯ ಸಮಿತಿಯೊಂದನ್ನು ರಚಿಸಿದರು. ನ್ಯಾಯಾಧೀಶ ಆಲ್ಫ್ರೆಡ್ ಮುರ್ರಾ ಅದರ ಅಧ್ಯಕ್ಷರು. ಸಾಕ್ಷಿಗಳ ಹೇಳಿಕೆ ಒಂದೇ ಬಾರಿ, ಎಲ್ಲ ವಾದಿಗಳ ಪರವಾಗಿ. ದಾಖಲೆಗಳು ಒಂದೇ ಕಡೆ, ಎಲ್ಲರ ಪರಿಶೀಲನೆಗೆ. 1967ರ ಹೊತ್ತಿಗೆ ಬಹುತೇಕ ಎಲ್ಲ ದಾವೆಗಳೂ ಮುಗಿದವು. ಪೂರ್ಣ ವಿಚಾರಣೆಯವರೆಗೆ ಹೋದವು ಬೆರಳೆಣಿಕೆಯಷ್ಟು. ಈ ಅನುಭವವೇ 1968ರಲ್ಲಿ ಕಾಯ್ದೆಯಾಗಿ, ಬಹುಜಿಲ್ಲಾ ದಾವೆಗಳ ನ್ಯಾಯಿಕ ಮಂಡಳಿಗೆ ಜನ್ಮ ನೀಡಿತು.

ಇಷ್ಟಾದ ಮೇಲೂ ಕಥೆಯ ಇನ್ನೊಂದು ಮುಖ ಕಹಿಯಾಗಿದೆ. ತೆತ್ತ ಪರಿಹಾರವನ್ನು ವ್ಯಾಪಾರದ ಮಾಮೂಲಿ ಖರ್ಚೆಂದು ಆದಾಯದಿಂದ ಕಳೆಯಬಹುದೆಂದು 1964ರಲ್ಲಿ ಅಮೆರಿಕದ ತೆರಿಗೆ ಇಲಾಖೆ ತೀರ್ಪಿತ್ತಿತು. ಕಂಪನಿಗಳ ಮೇಲಿನ ಆದಾಯ ತೆರಿಗೆ ಆಗ ಸುಮಾರು ಅರ್ಧದಷ್ಟಿದ್ದುದರಿಂದ, ಪರಿಹಾರದ ಅರ್ಧ ಹೊರೆ ಸರ್ಕಾರದ ಬೊಕ್ಕಸದ ಮೇಲೆಯೇ ಬಿತ್ತು. ಅಪರಾಧ ಸಾಬೀತಾದ ಪ್ರಕರಣಗಳಲ್ಲಿ ಪರಿಹಾರದ ಮೂರನೇ ಎರಡು ಭಾಗಕ್ಕೆ ಈ ರಿಯಾಯಿತಿ ಇಲ್ಲವೆಂದು 1969ರಲ್ಲಿ ಕಾನೂನು ಬದಲಾಯಿತು. ಅಷ್ಟರಲ್ಲಿ ಹಣ ಸಂದಾಯವಾಗಿ ಹೋಗಿತ್ತು.

ಇನ್ನೂ ಆಳವಾದ ಪ್ರಶ್ನೆಯನ್ನು ಎತ್ತಿದವರು ಪ್ರತಿವಾದಿಗಳೇ. ವಿದ್ಯುತ್ ಕಂಪನಿಯ ದರವನ್ನು ಅದರ ವೆಚ್ಚದ ಆಧಾರದ ಮೇಲೆ ನಿಯಂತ್ರಣ ಆಯೋಗ ನಿಗದಿಪಡಿಸುತ್ತದೆ. ಟ್ರಾನ್ಸ್‌ಫಾರ್ಮರ್ ದುಬಾರಿಯಾದರೆ ಆ ದುಬಾರಿ ಮೊತ್ತ ಬಿಲ್ಲಿನ ಮೂಲಕ ಮನೆಮನೆಯಿಂದ ವಸೂಲಾಗುತ್ತದೆ. ಹಾಗಿರುವಾಗ ಕಂಪನಿಗೆ ನಷ್ಟವಾದದ್ದೆಲ್ಲಿ ಎಂದು ಅವರು ಕೇಳಿದರು. ಈ ವಾದವನ್ನು ಒಪ್ಪಿದರೆ ತಪ್ಪಿತಸ್ಥನೇ ಲಾಭ ಉಳಿಸಿಕೊಂಡಂತಾಗುತ್ತದೆ; ಲಕ್ಷಾಂತರ ಮನೆಗಳು ತಲಾ ಕೆಲವು ಸೆಂಟುಗಳಿಗಾಗಿ ದಾವೆ ಹೂಡುವಂತಿಲ್ಲ. ನ್ಯಾಯಾಲಯಗಳು ಅದನ್ನು ತಳ್ಳಿಹಾಕಿದ್ದು ಸರಿಯೇ. ಆದರೆ ವಾದ ಕುಟಿಲವಾಗಿದ್ದರೂ ಅದರೊಳಗಿನ ಸಂಗತಿ ಸುಳ್ಳಲ್ಲ. 1990ರಲ್ಲಿ ಕಾನ್ಸಾಸ್‌ನ ನೈಸರ್ಗಿಕ ಅನಿಲದ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಹೆಚ್ಚುವರಿ ಬೆಲೆ ಗ್ರಾಹಕರಿಗೆ ವರ್ಗಾವಣೆಯಾಗಿದ್ದರೂ ದಾವೆ ಹೂಡುವ ಹಕ್ಕು ನೇರ ಖರೀದಿದಾರನಾದ ಸರಬರಾಜು ಕಂಪನಿಯದು ಮಾತ್ರ ಎಂದಿತು. ನಾಲ್ವರು ನ್ಯಾಯಮೂರ್ತಿಗಳು ಭಿನ್ನಮತ ಸೂಚಿಸಿದರು. ಅಂದರೆ ಬಳಕೆದಾರನ ಪರವಾಗಿ ಬಾಗಿಲು ತಟ್ಟಬಲ್ಲವನು ಸರಬರಾಜುದಾರ ಒಬ್ಬನೇ. ನಷ್ಟ ತನ್ನ ಜೇಬಿನದಲ್ಲವಾದ್ದರಿಂದ ಅವನಿಗೆ ತಟ್ಟುವ ಅವಸರವೂ ಇಲ್ಲ.

ಈ ಕಾರಣಕ್ಕಾಗಿಯೇ ಅರುವತ್ತು ವರ್ಷ ಹಿಂದಿನ ಈ ಅಮೆರಿಕದ ಮೊಕದ್ದಮೆ ನಮಗೂ ಪ್ರಸ್ತುತ. ಸರಿಹೊಂದುವ ದರಗಳ ಪವಾಡ ನಮ್ಮಲ್ಲೂ ನಡೆದಿದೆ. ಭಾರತೀಯ ಆಹಾರ ನಿಗಮ 2009ರಲ್ಲಿ ಧಾನ್ಯ ಸಂರಕ್ಷಣೆಯ ಮಾತ್ರೆಗಳಿಗೆ ಟೆಂಡರ್ ಕರೆದಾಗ ಮೂರು ಕಂಪನಿಗಳು ಬರೆದದ್ದು ಒಂದೇ ದರ: ಕಿಲೋಗೆ 388 ರೂಪಾಯಿ. ಅದು ಸಂಚೇ ಎಂಬ ಸ್ಪರ್ಧಾ ಆಯೋಗದ ನಿರ್ಣಯವನ್ನು 2017ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದೇ ವರ್ಷ ರೈಲ್ವೆ ಮತ್ತು ಬೆಂಗಳೂರಿನ ಬಿಇಎಂಎಲ್ ಕರೆದಿದ್ದ ಬ್ರಷ್‌ಲೆಸ್ ಡಿ.ಸಿ. ಫ್ಯಾನುಗಳ ಟೆಂಡರಿನಲ್ಲಿ ಹೊಂದಾಣಿಕೆ ಮಾಡಿಕೊಂಡಿದ್ದ ಮೂರು ವಿದ್ಯುತ್ ಉಪಕರಣ ಸಂಸ್ಥೆಗಳ ಮೇಲೆ ಆಯೋಗ ದಂಡ ವಿಧಿಸಿತು. ಒಳಗುಟ್ಟು ಹೇಳಿ ಸಹಕರಿಸಿದ ಒಂದು ಸಂಸ್ಥೆಗೆ ಮುಕ್ಕಾಲು ಭಾಗ ದಂಡ ಮಾಫಿಯಾಯಿತು.

ದಂಡವೇನೋ ಆಯಿತು. ಸ್ಪರ್ಧಾ ಕಾಯ್ದೆಯ ಪ್ರಕಾರ ಆ ಹಣ ಸೇರುವುದು ಭಾರತದ ಸಂಚಿತ ನಿಧಿಗೆ, ಹೆಚ್ಚು ಬೆಲೆ ತೆತ್ತ ಖರೀದಿದಾರನಿಗಲ್ಲ. ಖರೀದಿದಾರನಿಗೆ ಇರುವುದು ಸೆಕ್ಷನ್ 53ಎನ್. ಕೇಂದ್ರ ಸರ್ಕಾರ, ರಾಜ್ಯ ಸರ್ಕಾರ, ಸ್ಥಳೀಯ ಸಂಸ್ಥೆ, ಯಾವುದೇ ಉದ್ಯಮ ಅಥವಾ ವ್ಯಕ್ತಿ, ತನಗಾದ ನಷ್ಟಕ್ಕೆ ಪರಿಹಾರ ಕೋರಿ ಮೇಲ್ಮನವಿ ನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬಹುದೆಂದು ಅದು ಹೇಳುತ್ತದೆ. ಒಂದೇ ಬಗೆಯ ನಷ್ಟ ಅನುಭವಿಸಿದ ಹಲವರ ಪರವಾಗಿ ಒಬ್ಬರು ಅನುಮತಿ ಪಡೆದು ಅರ್ಜಿ ಹಾಕಲೂ ಅವಕಾಶವಿದೆ. ಆದರೆ ಮೂರು ಪಟ್ಟಿನ ಆಮಿಷ ಇಲ್ಲಿಲ್ಲ, ಸಾಬೀತಾದ ನಷ್ಟವಷ್ಟೇ. ಮೊದಲು ಆಯೋಗದ ಆದೇಶ, ಅದರ ಮೇಲ್ಮನವಿ, ಆಮೇಲೆ ಪರಿಹಾರದ ವಿಚಾರಣೆ. ಸರ್ಕಾರಿ ಸ್ವಾಮ್ಯದ ಸಂಸ್ಥೆಯ ಯಾವ ಅಧಿಕಾರಿ ಇಷ್ಟು ದೂರ ನಡೆಯಲು ಮನಸ್ಸು ಮಾಡಿಯಾನು? ಅರ್ಜಿ ಸೋತರೆ ಲೆಕ್ಕಪರಿಶೋಧಕರು ಪ್ರಶ್ನಿಸುತ್ತಾರೆ; ಅರ್ಜಿಯನ್ನೇ ಹಾಕದಿದ್ದರೆ ಪ್ರಶ್ನಿಸುವವರಿಲ್ಲ. ಕಾಲಮಿತಿಯ ತೊಡಕೂ ಬಂದಿದೆ. ಕೃತ್ಯ ನಡೆದ ಮೂರು ವರ್ಷಗಳೊಳಗೆ ಆಯೋಗಕ್ಕೆ ದೂರು ನೀಡಬೇಕೆಂದು 2023ರ ತಿದ್ದುಪಡಿ ವಿಧಿಸಿದೆ. ಸಕಾರಣವಿದ್ದರೆ ವಿಳಂಬವನ್ನು ಮನ್ನಿಸಬಹುದೆಂಬ ಮಾತೂ ಅದರಲ್ಲಿದೆ. ಸಂಚನ್ನು ಮುಚ್ಚಿಟ್ಟದ್ದೇ ಸಕಾರಣವೆಂದು ಆಯೋಗ ಉದಾರವಾಗಿ ಪರಿಗಣಿಸದಿದ್ದರೆ, ಹೆಚ್ಚು ಕಾಲ ಗುಟ್ಟು ಕಾಯ್ದವನಿಗೇ ರಕ್ಷಣೆ ದೊರೆತಂತಾಗುತ್ತದೆ.

ಕರ್ನಾಟಕದ ಎಸ್ಕಾಂಗಳು ಟ್ರಾನ್ಸ್‌ಫಾರ್ಮರ್, ಮೀಟರ್, ಕೇಬಲ್‌ಗಳಿಗೆ ಮಾಡುವ ಬಂಡವಾಳ ವೆಚ್ಚದ ಬಡ್ಡಿ ಮತ್ತು ಸವಕಳಿ ದರ ಪರಿಷ್ಕರಣೆಯ ಅರ್ಜಿಯೊಳಗೆ ಸೇರಿ ಬಳಕೆದಾರನ ಬಿಲ್ಲಿಗೆ ಬರುತ್ತವೆ. ಈ ಅರ್ಜಿಗಳ ಮೇಲೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕ ವಿಚಾರಣೆ ನಡೆಸುತ್ತದೆ. ಸೋರಿಕೆ, ಬಾಕಿ ವಸೂಲಿ, ಪಂಪ್‌ಸೆಟ್ ಸಬ್ಸಿಡಿಗಳ ಬಗ್ಗೆ ಅಲ್ಲಿ ಕೇಳುವಂತೆ ಇನ್ನೆರಡು ವಿವರಗಳನ್ನೂ ಆಯೋಗ ಕೇಳಬೇಕು. ಕಳೆದ ವರ್ಷದ ಖರೀದಿಗಳಲ್ಲಿ ಒಂದೇ ದರ ಅಥವಾ ಸರದಿಯ ಲಕ್ಷಣ ಕಂಡ ಟೆಂಡರುಗಳು ಯಾವುವು? ಅವುಗಳ ಬಗ್ಗೆ ಸ್ಪರ್ಧಾ ಆಯೋಗಕ್ಕೆ ಬರೆಯಲಾಯಿತೇ, ಪರಿಹಾರಕ್ಕೆ ಅರ್ಜಿ ಹಾಕಲಾಯಿತೇ? ಪರಿಹಾರ ಬಂದಲ್ಲಿ ಅದನ್ನು ಮುಂದಿನ ವರ್ಷದ ದರದಲ್ಲಿ ಕಳೆಯಬೇಕೆಂಬ ಷರತ್ತನ್ನೂ, ಅರ್ಜಿ ಹಾಕದೆ ಕೈಕಟ್ಟಿ ಕುಳಿತ ಕಂಪನಿಗೆ ಆ ಹೆಚ್ಚುವರಿ ವೆಚ್ಚವನ್ನು ಬಿಲ್ಲಿಗೆ ಹೇರಲು ಬಿಡುವುದಿಲ್ಲವೆಂಬ ಎಚ್ಚರಿಕೆಯನ್ನೂ ದರ ಆದೇಶದಲ್ಲೇ ಬರೆಯುವುದು ಆಯೋಗಕ್ಕೆ ಕಷ್ಟವಾಗಬಾರದು.