ಉಜ್ಜಿದ ನಂಬರು, ಉಳಿದ ಗುರುತು

ರೋಣದ ತಂದೆಯೊಬ್ಬರು ಗದುಗಿನ ಕಾಲೇಜಿಗೆ ಹೋಗಿಬರುವ ಮಗನಿಗಾಗಿ ಗಜೇಂದ್ರಗಡದಲ್ಲಿ ಹಳೆಯ ಮೋಟಾರ್ ಸೈಕಲ್ ಕೊಂಡರು ಎಂದಿಟ್ಟುಕೊಳ್ಳಿ. ಆರ್.ಸಿ. ಇದೆ, ಕೆಎ-26, ಗದಗ ಜಿಲ್ಲೆಯದೇ ನೋಂದಣಿ. ತಿಂಗಳು ಕಳೆದ ಮೇಲೆ ಮಗ ನರಗುಂದದ ಸೋದರಮಾವನ ಮನೆಗೆ ಹೋದಾಗ ಗಾಡಿ ಕೆಟ್ಟಿತು. ಗ್ಯಾರೇಜಿನ ಮಿಸ್ತ್ರಿ ಇಂಜಿನ್ ಒರೆಸಿ ನೋಡಿ, ‘ತಮ್ಮಾ, ಈ ನಂಬರ್ ಉಜ್ಜಿ ಹೊಸದಾಗಿ ಹೊಡದಂಗ ಕಾಣ್ತೈತಿ. ಅಪ್ಪಗ ಹೇಳು’ ಎಂದ.

ಇಂಥ ಹೊತ್ತಿನಲ್ಲಿ ನೆಂಟರಿಷ್ಟರಿಂದ ಬರುವ ಸಲಹೆ ಎರಡೇ: ಸುಮ್ಮನಿರಿ, ಇಲ್ಲವೇ ಬೇರೆಯವರಿಗೆ ಮಾರಿಬಿಡಿ. ಎರಡೂ ಅಪಾಯದವು. ಕಳವಿನ ವಸ್ತುವೆಂದು ತಿಳಿಯದೆ ಕೊಂಡವನು ಅಪರಾಧಿಯಲ್ಲ. ಆದರೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 317ನೆಯ ಕಲಮು (ಹಿಂದಿನ ದಂಡ ಸಂಹಿತೆಯ 411) ಅಂಥ ವಸ್ತುವನ್ನು ಅಪ್ರಾಮಾಣಿಕವಾಗಿ ಪಡೆಯುವುದನ್ನಷ್ಟೇ ಅಲ್ಲ, ಇಟ್ಟುಕೊಳ್ಳುವುದನ್ನೂ ಅಪರಾಧವೆನ್ನುತ್ತದೆ. ಶಿಕ್ಷೆ ಮೂರು ವರ್ಷದವರೆಗೆ. ಮಿಸ್ತ್ರಿಯ ಮಾತು ಕಿವಿಗೆ ಬಿದ್ದ ಮೇಲೆ ‘ನನಗೇನೂ ಗೊತ್ತಿರಲಿಲ್ಲ’ ಎಂಬ ಮಾತಿನ ಬಲ ದಿನದಿಂದ ದಿನಕ್ಕೆ ಕುಗ್ಗುತ್ತದೆ. ವಿಷಯ ಮುಚ್ಚಿಟ್ಟು ಮಾರಿದರೆ ವಂಚನೆಯ ಆರೋಪವೂ ಸೇರಬಹುದು.

ಅನುಮಾನ ಬಂದ ಜಾಗವನ್ನು ಉಪ್ಪುಕಾಗದದಿಂದ ಉಜ್ಜಿ ನೋಡುವ ಕುತೂಹಲ ಹುಡುಗರಿಗೆ ಬರುವುದು ಸಹಜ. ಖಂಡಿತ ಕೂಡದು. ಅಚ್ಚು ಹೊಡೆದಾಗ ಅಂಕಿಯ ಕೆಳಗಿನ ಲೋಹದ ಕಣಗಳೂ ಒತ್ತಡಕ್ಕೆ ಸಿಕ್ಕು ವಿರೂಪಗೊಂಡಿರುತ್ತವೆ. ಮೇಲಿನ ಗುಳಿಯನ್ನು ಅರದಿಂದ ತೇಯ್ದರೂ ಈ ಒಳಗಿನ ವಿಕಾರ ಸ್ವಲ್ಪ ಆಳದವರೆಗೆ ಉಳಿದಿರುತ್ತದೆ. ಉಕ್ಕಿನ ಮೇಲೆ ತಾಮ್ರದ ಕ್ಲೋರೈಡ್ ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲ ಸವರಿದರೆ, ಒತ್ತಡ ಉಂಡ ಭಾಗವೂ ಉಳಿದ ಭಾಗವೂ ಬೇರೆ ಬೇರೆ ವೇಗದಲ್ಲಿ ಕರಗಿ ಹಳೆಯ ಅಂಕಿ ಮಸುಕಾಗಿ ಎದ್ದುಬರುತ್ತದೆ. ಅಲ್ಯೂಮಿನಿಯಂ ಕವಚಕ್ಕೆ ಬೇರೆ ದ್ರಾವಣ ಬೇಕು. ಇದು ವಿಧಿವಿಜ್ಞಾನ ಪ್ರಯೋಗಾಲಯದ ಕೆಲಸ. ಮನೆಯಲ್ಲಿ ಉಜ್ಜಿದರೆ ಆ ಸಾಕ್ಷ್ಯವೇ ಅಳಿಯುತ್ತದೆ. ಬರಿಗಣ್ಣಿಗೆ ಒಂದು ಸುಳಿವುಂಟು: ಹದಿನೇಳು ಅಕ್ಷರ-ಅಂಕಿಗಳ ಚಾಸಿಸ್ ಸಂಖ್ಯೆಯಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳು ಬರುವುದಿಲ್ಲ. ಕಂಡರೆ ಯಾರದೋ ಕೈವಾಡ ಇರಬಹುದು.

ಗಾಡಿಯನ್ನು ಇದ್ದಂತೆ ನಿಲ್ಲಿಸಿ, ಫೋಟೋ ತೆಗೆದು, ಆರ್.ಸಿ., ಹಣ ಕೊಟ್ಟ ರಶೀದಿ, ಕರಾರುಪತ್ರ ಹಿಡಿದು ಠಾಣೆಗೆ ಹೋಗಬೇಕು. ಕೊಂಡದ್ದು ಗಜೇಂದ್ರಗಡ, ಅನುಮಾನ ಹುಟ್ಟಿದ್ದು ನರಗುಂದ, ಮನೆ ರೋಣ, ಯಾವ ಠಾಣೆ? ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದೂರು ಕೊಡಬಹುದೆಂದು ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು ಹೇಳುತ್ತದೆ. ಎಫ್.ಐ.ಆರ್. ಪ್ರತಿ ಉಚಿತ. ದಾಖಲಿಸದಿದ್ದರೆ ಗದುಗಿನ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಬರೆಯಬಹುದು.

ಗಾಡಿ ಜಪ್ತಿಯಾಗುವ ಸಂಭವ ಉಂಟು, ಹೆದರಿಕೆಯೆಲ್ಲ ಅದರದೇ. ಠಾಣೆಯಂಗಳದಲ್ಲಿ ವಾಹನ ತುಕ್ಕು ಹಿಡಿಯಲು ಬಿಡಬಾರದು, ತಕ್ಕ ಮುಚ್ಚಳಿಕೆ ಮತ್ತು ಜಾಮೀನು ಪಡೆದು ಬಿಡುಗಡೆ ಮಾಡಬೇಕೆಂದು ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ. ವಕೀಲರ ಮೂಲಕ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬೇಕು. ಆದರೆ ಕಳವಾದ ಇಂಜಿನ್ ಅದರ ಮೂಲ ಒಡೆಯನದೇ. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ಮಾರುವವನಿಗೇ ಇಲ್ಲದ ಒಡೆತನ ಸಾಮಾನ್ಯವಾಗಿ ಕೊಂಡವನಿಗೆ ಬಾರದು, ಎಷ್ಟೇ ಪ್ರಾಮಾಣಿಕವಾಗಿ ದುಡ್ಡು ಎಣಿಸಿದ್ದರೂ.

ಹೋದ ದುಡ್ಡಿಗೆ ದಾರಿ ಅದೇ ಕಾಯ್ದೆಯಲ್ಲಿದೆ. ಮಾರುವ ಹಕ್ಕು ತನಗಿದೆ ಎಂಬುದು ಮಾರುವವನು ಬಾಯಿಬಿಟ್ಟು ಹೇಳದಿದ್ದರೂ ಕೊಟ್ಟ ಭರವಸೆಯೇ. ಅದು ಸುಳ್ಳಾದರೆ ಬೆಲೆಯನ್ನೋ ನಷ್ಟವನ್ನೋ ಕೇಳಿ ಮೊದಲು ನೋಟಿಸು, ಆಮೇಲೆ ಸಿವಿಲ್ ದಾವೆ. ಹಳೆಯ ಗಾಡಿಗಳ ವ್ಯಾಪಾರಿಯಿಂದ ಕೊಂಡಿದ್ದರೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ತನ್ನ ಗಾಡಿ ಮಾರಿದ ಸಾಮಾನ್ಯ ಮನುಷ್ಯನ ಮೇಲೆ ಆ ಬಾಗಿಲು ತೆರೆಯದು. ಅವನು ಅಮಾಯಕನಿರಲೂಬಹುದು, ಅವನಿಗೂ ಯಾರೋ ಮಾರಿರುತ್ತಾರೆ. ಅದಕ್ಕೇ ಕರಾರುಪತ್ರದಲ್ಲಿ ಇಂಜಿನ್ ಮತ್ತು ಚಾಸಿಸ್ ಸಂಖ್ಯೆ ಬರೆಸಿರಬೇಕು.

ಇಂಜಿನ್ ಕಳೆದುಕೊಂಡು ಚಾಸಿಸ್ ಮಾತ್ರ ಮನೆಗೆ ಬಂದರೆ, ಬೇರೆ ಇಂಜಿನ್ ಹಾಕಿಸುವಾಗ ಬಿಲ್ಲು ಬೇಕು, ಗದುಗಿನ ಆರ್.ಟಿ.ಓ. ಕಚೇರಿಯಲ್ಲಿ ಹೊಸ ಸಂಖ್ಯೆ ಆರ್.ಸಿ.ಗೆ ಏರಬೇಕು. ಅಲ್ಲಿಯವರೆಗೆ ಮಗನಿಗೆ ಬಸ್ಸೇ ಗತಿ.